ನಾಣಿಯ ಕಣ್ಣು ಕಂಡ ಲೋಕ

ಮನೆಯ ಮಗುವನ್ನು ವಿದ್ಯಾಭ್ಯಾಸಕ್ಕೆಂದು ಪರಸ್ಥಳದಲ್ಲಿ ಬಿಟ್ಟು ಬರುವ ದಿನವನ್ನು ತಂದೆತಾಯಿಗಳು ಸುಲಭವಾಗಿ ಮರೆಯಲಾರರು. ಟ್ರಂಕು, ಹಾಸಿಗೆಯ ಸುರುಳಿ, ಡಬ್ಬಿಯಲ್ಲಿ ತುಂಬಿಕೊಟ್ಟ ಕೋಡುಬಳೆ, ಬಸ್ಸು ಹತ್ತುವ ಮುನ್ನ ಹೇಳಿದ ನಾಲ್ಕು ಬುದ್ಧಿಮಾತು ಇವೆಲ್ಲ ಅವರ ನೆನಪಿನಲ್ಲಿ ಹಸಿರಾಗಿಯೇ ಇರುತ್ತವೆ. ಆದರೆ ತಂದೆಯ ಬೆನ್ನು ತಿರುವಿನಲ್ಲಿ ಮರೆಯಾದ ಬಳಿಕ ಆ ಮಗುವಿನ ಪಾಲಿಗೆ ಕವಿದ ಸಂಜೆ ಎಂಥದು, ಆ ರಾತ್ರಿ ಅದರ ಮಗ್ಗುಲಲ್ಲಿ ಮಲಗಿದವರು ಯಾರು, ದೀಪವಾರಿದ ಮೇಲೆ ಅವರು ಅದರ ಕಿವಿಯಲ್ಲಿ ಏನು ಹೇಳಿದರು ಎಂಬುದು ಬಹುಮಟ್ಟಿಗೆ ಮನೆಯವರಿಗೆ ತಿಳಿಯದೆಯೇ ಉಳಿದುಬಿಡುತ್ತದೆ. ಮಗು ಹೇಳುವುದಿಲ್ಲ, ಹಿರಿಯರು ಕೇಳುವುದಿಲ್ಲ.

ಹೀಗೆ ಹೇಳದೆ, ಕೇಳದೆ ಉಳಿದುಹೋದ ಒಂದು ಬಾಲ್ಯವನ್ನು ತೆರೆಯ ಮೇಲೆ ತಂದ ಕನ್ನಡ ಚಿತ್ರ ‘ಘಟಶ್ರಾದ್ಧ’. 1977ರ ಈ ಚಿತ್ರ ಯು. ಆರ್. ಅನಂತಮೂರ್ತಿಯವರ ಅದೇ ಹೆಸರಿನ ಕಥೆಯನ್ನು ಆಧರಿಸಿದ್ದು; ನಿರ್ದೇಶಕರು ಗಿರೀಶ್ ಕಾಸರವಳ್ಳಿ; ನಿರ್ಮಾಪಕರು ಸದಾನಂದ ಸುವರ್ಣ. ಚಿತ್ರವನ್ನು ಬಲ್ಲವರನ್ನು ಕೇಳಿದರೆ ಅದು ಒಬ್ಬ ಬಾಲವಿಧವೆಯ ದುರಂತ ಕಥೆ ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಆ ದುರಂತವನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣರಳಿಸಿ ನೋಡುವವನು, ಅದರ ಭಾರವನ್ನು ತನ್ನ ಪುಟ್ಟ ಎದೆಯಲ್ಲಿ ಹೊತ್ತು ಹೊರಬರುವವನು ನಾಣಿ ಎಂಬ ಹುಡುಗ. ಯಮುನೆಯ ಕಥೆಯ ಒಡಲಿನಲ್ಲೇ ನಾಣಿಯ ಕಥೆಯೂ ಇದೆ. ಅದನ್ನು ಪ್ರತ್ಯೇಕವಾಗಿ ಎತ್ತಿ ನೋಡಿದವರು ಕಡಿಮೆ.

ಉಡುಪರ ಮನೆಯ ಜಗಲಿ

ಕಥೆ ನಡೆಯುವುದು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಮಲೆನಾಡಿನ ಒಂದು ಅಗ್ರಹಾರದಲ್ಲಿ. ಉಡುಪರು ವೇದಪಾಠ ಹೇಳಿಕೊಡುವ ವಿದ್ವಾಂಸರು. ಅವರ ಮನೆಯೇ ಪಾಠಶಾಲೆ. ತಂದೆ ತನ್ನ ಮಗನನ್ನು ಅಲ್ಲಿಗೆ ಕರೆತಂದು ಗುರುಗಳಿಗೆ ಒಪ್ಪಿಸಿ ಹಿಂದಿರುಗುತ್ತಾನೆ. ತಂದೆಯ ದೃಷ್ಟಿಯಲ್ಲಿ ಇದು ಧರ್ಮಕಾರ್ಯ. ಮಗನ ದೃಷ್ಟಿಯಲ್ಲಿ ಏನೆಂಬುದನ್ನು ಚಿತ್ರ ಮಾತಿನಲ್ಲಿ ಹೇಳುವುದಿಲ್ಲ. ಹುಡುಗನ ಮುಖವನ್ನು ತೋರಿಸಿ ಸುಮ್ಮನಾಗುತ್ತದೆ.

ಇಂಥ ಪಾಠಶಾಲೆಗಳ ದಿನಚರಿಯನ್ನು ಬಲ್ಲವರಿಗೆ ನಾಣಿಯ ಕಷ್ಟವನ್ನು ವಿವರಿಸಬೇಕಾಗಿಲ್ಲ. ಬೆಳಗಿನ ಜಾವ ಏಳಬೇಕು. ತಣ್ಣೀರ ಸ್ನಾನ, ಸಂಧ್ಯಾವಂದನೆ, ಅನಂತರ ಪಾಠ. ಗುರು ಒಮ್ಮೆ ಹೇಳಿದ್ದನ್ನು ಶಿಷ್ಯರು ಎರಡು ಬಾರಿ ಹೇಳಬೇಕು. ಅಕ್ಷರ ಸರಿಯಿದ್ದರೆ ಸಾಲದು. ಉದಾತ್ತ, ಅನುದಾತ್ತ, ಸ್ವರಿತಗಳು ಸ್ಥಾನ ತಪ್ಪಬಾರದು. ಅರ್ಥವನ್ನು ಕೇಳುವ ಪದ್ಧತಿ ಅಲ್ಲಿಲ್ಲ. ಕಂಠಪಾಠವೇ ವಿದ್ಯೆ. ಚುರುಕು ನಾಲಗೆಯ ಹುಡುಗರಿಗೆ ಇದು ಆಟ. ಮನೆಯ ನೆನಪಿನಲ್ಲಿ ಗಂಟಲು ಕಟ್ಟಿದ ಹುಡುಗನಿಗೆ ಪ್ರತಿಯೊಂದು ಮಂತ್ರವೂ ಒಂದೊಂದು ಬೆಟ್ಟ.

ನಾಣಿಗೆ ಪಾಠ ಹತ್ತುವುದಿಲ್ಲ. ಅದು ಒಂದು ಸಂಕಟ. ಅದಕ್ಕಿಂತ ದೊಡ್ಡದು ಹಿರಿಯ ವಿದ್ಯಾರ್ಥಿಗಳ ಕಾಟ. ಇವರೂ ಒಂದು ಕಾಲಕ್ಕೆ ಮನೆ ಬಿಟ್ಟು ಬಂದ ಮಕ್ಕಳೇ. ಇವರೂ ಎಂದೋ ಒಂದು ರಾತ್ರಿ ಇದೇ ಜಗಲಿಯಲ್ಲಿ ಅತ್ತಿರಬೇಕು. ಆದರೆ ತಾನು ಉಂಡ ಪೆಟ್ಟನ್ನು ಕಿರಿಯನಿಗೆ ದಾಟಿಸುವುದರಲ್ಲಿ ಒಂದು ಬಗೆಯ ಕ್ರೂರ ಸಮಾಧಾನವಿದೆಯೆಂಬುದನ್ನು ವಸತಿಶಾಲೆಗಳಲ್ಲಿ ಬೆಳೆದ ಯಾರೂ ಅಲ್ಲಗಳೆಯಲಾರರು. ಗುರುಗಳ ಮುಂದೆ ತಲೆತಗ್ಗಿಸಿ ಕುಳಿತಿರುವ ಹುಡುಗರೇ ಗುರುಗಳ ಬೆನ್ನ ಹಿಂದೆ ಬೇರೆಯಾಗುತ್ತಾರೆ. ಹೆದರಿದವನನ್ನು ಹೆದರಿಸುತ್ತಾರೆ, ಅಳುವವನನ್ನು ನೋಡಿ ನಗುತ್ತಾರೆ. ಕಾಸರವಳ್ಳಿಯವರು ಇದನ್ನು ಅತಿರೇಕಕ್ಕೆ ಒಯ್ಯದೆ ದಿನನಿತ್ಯದ ಸಂಗತಿಯೆಂಬಂತೆ ಚಿತ್ರಿಸಿದ್ದಾರೆ. ಹಿಂಸೆ ಹೀಗೆ ಮಾಮೂಲಾಗಿ ಕಂಡಾಗಲೇ ಅದು ನೋಡುವವರನ್ನು ಹೆಚ್ಚು ಕಂಗೆಡಿಸುತ್ತದೆ.

ಉಡುಪರು ಕೆಟ್ಟವರೇ? ಅಲ್ಲ. ಅವರು ಸಾಧು ಪ್ರಕೃತಿಯ ಪಂಡಿತರು. ಆದರೆ ತಮ್ಮ ಸೂರಿನಡಿ ನಡೆಯುತ್ತಿರುವುದು ಅವರ ಕಣ್ಣಿಗೆ ಬೀಳುವುದಿಲ್ಲ. ನಾಣಿಯನ್ನು ಬಿಟ್ಟುಹೋದ ತಂದೆಯೂ ಕೆಟ್ಟವನಲ್ಲ. ಒಬ್ಬ ಹುಡುಗನನ್ನು ಅನಾಥನನ್ನಾಗಿಸಲು ದುಷ್ಟರೇ ಬೇಕೆಂದಿಲ್ಲ, ಸಜ್ಜನರ ಅನ್ಯಮನಸ್ಕತೆಯೇ ಸಾಕು. ಈ ಸೂಕ್ಷ್ಮವನ್ನು ಚಿತ್ರ ಹಿಡಿದಷ್ಟು ಬಿಗಿಯಾಗಿ ಹಿಡಿದ ಕೃತಿಗಳು ವಿರಳ.

ಯಮುನಕ್ಕ

ಆ ಮನೆಯಲ್ಲಿ ನಾಣಿಯತ್ತ ಕಣ್ಣೆತ್ತಿ ನೋಡುವ ಜೀವ ಒಂದೇ. ಅದು ಉಡುಪರ ವಿಧವೆ ಮಗಳು ಯಮುನೆ. ಹುಡುಗನಿಗೆ ಅವಳು ಯಮುನಕ್ಕ. ಅವಳ ಸೆರಗಿನ ಆಸರೆಯಲ್ಲಿ ಅವನಿಗೆ ಮನೆಯ ನೆನಪು ತುಸು ಮರೆಯಾಗುತ್ತದೆ. ಆ ಮನೆಯಲ್ಲಿ ಇಬ್ಬರೂ ಸಮಾನದುಃಖಿಗಳು. ಅವನು ಚಿಕ್ಕವನೆಂದು ಯಾರೂ ಅವನ ಮಾತು ಕೇಳುವುದಿಲ್ಲ. ಅವಳು ವಿಧವೆಯೆಂದು ಯಾರೂ ಅವಳ ಮಾತು ಕೇಳುವುದಿಲ್ಲ. ಮೀನಾ ಕುಟ್ಟಪ್ಪ ಅವರು ಯಮುನೆಯ ಪಾತ್ರವನ್ನು ಮಿತಭಾಷೆಯಿಂದ, ಮಿತವಾದ ಅಂಗಾಭಿನಯದಿಂದ ನಿರ್ವಹಿಸಿದ್ದಾರೆ. ನಾಣಿಯಾಗಿ ಅಭಿನಯಿಸಿದ ಬಾಲನಟ ಅಜಿತ್ ಕುಮಾರನ ದೊಡ್ಡ ಕಣ್ಣುಗಳೇ ಈ ಚಿತ್ರದ ಅರ್ಧ ಸಂಭಾಷಣೆ.

ಯಮುನೆಗೆ ಊರಿನ ಶಾಲಾ ಮೇಷ್ಟರೊಡನೆ ಸಂಬಂಧ ಬೆಳೆದು ಅವಳು ಗರ್ಭಿಣಿಯಾಗುತ್ತಾಳೆ. ಉಡುಪರು ಊರಿನಲ್ಲಿಲ್ಲದ ಹೊತ್ತು. ಗುಟ್ಟು ಮೊದಲು ಹಿರಿಯ ಹುಡುಗರ ಮೂಗಿಗೆ ಬಡಿಯುತ್ತದೆ, ಆಮೇಲೆ ಅಗ್ರಹಾರಕ್ಕೆ. ಇಲ್ಲಿ ಕಥೆಯ ಎರಡು ಎಳೆಗಳು ಒಂದಾಗಿ ಹೆಣೆದುಕೊಳ್ಳುತ್ತವೆ. ನಾಣಿಯನ್ನು ಗೋಳುಹೊಯ್ದುಕೊಳ್ಳುತ್ತಿದ್ದವರ ಕೈಗೆ ಈಗ ಯಮುನೆಯೂ ಸಿಕ್ಕಿದ್ದಾಳೆ. ಜಗಲಿಯ ಮೇಲೆ ಹುಡುಗರು ಆಡುತ್ತಿದ್ದ ಆಟವನ್ನೇ ಈಗ ಊರ ಹಿರಿಯರು ದೊಡ್ಡ ಪ್ರಮಾಣದಲ್ಲಿ ಆಡತೊಡಗುತ್ತಾರೆ. ದುರ್ಬಲರನ್ನು ಒಂಟಿಮಾಡುವುದು, ಸುತ್ತುವರಿಯುವುದು, ಅವರ ನಾಚಿಕೆಯನ್ನು ಬಯಲಿಗೆಳೆದು ನೋಡುವುದು ಎಲ್ಲವೂ ಅದೇ. ಬಾಲಕರ ಕ್ರೌರ್ಯವೂ ಸಮಾಜದ ಕ್ರೌರ್ಯವೂ ಒಂದೇ ಮರದ ಎಲೆಗಳೆಂಬುದನ್ನು ತೋರಿಸಲು ಚಿತ್ರಕ್ಕೆ ಭಾಷಣದ ಅಗತ್ಯ ಬಿದ್ದಿಲ್ಲ.

ಮರ್ಯಾದೆಗೆ ಹೆದರಿದ ಯಮುನೆ ಹಾವಿನ ಹುತ್ತದೊಳಗೆ ಕೈಯಿಟ್ಟು ಪ್ರಾಣ ಕಳೆದುಕೊಳ್ಳಲು ಹೊರಡುವ ಸನ್ನಿವೇಶವನ್ನು ಒಮ್ಮೆ ಕಂಡವರು ಮರೆಯುವಂತಿಲ್ಲ. ಜೊತೆಗಿರುವವನು ಈ ಹುಡುಗ. ಸಾವೆಂದರೆ ಏನೆಂದು ಪೂರ್ತಿ ತಿಳಿಯದ, ಆದರೆ ಏನೋ ಭಯಂಕರವಾದುದು ನಡೆಯುತ್ತಿದೆಯೆಂದು ಬಲ್ಲ ಹುಡುಗ. ಮುಂದೆ ಗರ್ಭಪಾತದ ರಾತ್ರಿ. ಊರ ಹೊರಗಿನ ಕೇರಿಯಲ್ಲಿ ಒಂದು ಕಡೆ ಡೋಲಿನ ಅಬ್ಬರ, ಕುಣಿತ. ಇನ್ನೊಂದು ಕಡೆ ಕತ್ತಲಲ್ಲಿ ಹೆಣ್ಣೊಬ್ಬಳ ಯಾತನೆ. ಬಿ. ವಿ. ಕಾರಂತರು ಇಲ್ಲಿ ಪಿಟೀಲು ನುಡಿಸಿ ಕಣ್ಣೀರು ಬರಿಸಲು ಯತ್ನಿಸಿಲ್ಲ. ಚರ್ಮವಾದ್ಯದ ಪೆಟ್ಟು ಏರುತ್ತಾ ಹೋಗುತ್ತದೆ, ಅಷ್ಟೆ. ನೋಡುಗರ ಎದೆಯ ಬಡಿತ ತಾನಾಗಿ ಅದರೊಡನೆ ಸೇರಿಕೊಳ್ಳುತ್ತದೆ. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪಿನ ಛಾಯಾಗ್ರಹಣದಲ್ಲಿ ಮಲೆನಾಡಿನ ಮರಗಳು, ಹೆಂಚಿನ ಮನೆಯ ಒಳಗತ್ತಲೆ, ಬೆಳಕಿಂಡಿಯಿಂದ ಇಳಿಯುವ ಮಂದ ಬೆಳಕು ಇವೆಲ್ಲ ಪಾತ್ರಗಳಂತೆಯೇ ಉಸಿರಾಡುತ್ತವೆ.

ಮಡಕೆ ಒಡೆಯುವ ವಿಧಿ

‘ಘಟಶ್ರಾದ್ಧ’ ಎಂದರೇನೆಂದು ಇಂದಿನ ಎಷ್ಟೋ ಮನೆಗಳಲ್ಲಿ ಕಿರಿಯರು ಕೇಳಬಹುದು. ಅದು ಬದುಕಿರುವವರಿಗೆ ಮಾಡುವ ಶ್ರಾದ್ಧ. ಪತಿತರೆಂದು ಸಾರಲ್ಪಟ್ಟವರನ್ನು ಬಂಧುವರ್ಗದಿಂದ ಕಡಿದುಹಾಕುವ ವಿಧಿ. ಮನುಸ್ಮೃತಿಯ 11ನೆಯ ಅಧ್ಯಾಯದಲ್ಲಿ ಇದರ ಕ್ರಮವಿದೆ. ಸಪಿಂಡರೂ ಬಾಂಧವರೂ ಅಶುಭವೆನಿಸಿದ ದಿನದ ಸಾಯಂಕಾಲದಲ್ಲಿ ಊರಾಚೆ ಸೇರಬೇಕು. ಋತ್ವಿಜರ, ಗುರುಗಳ ಸಮಕ್ಷಮದಲ್ಲಿ ಸತ್ತವನಿಗೆ ಕೊಡುವಂತೆ ಜಲತರ್ಪಣ ಕೊಡಬೇಕು. ನೀರು ತುಂಬಿದ ಗಡಿಗೆಯನ್ನು ದಾಸಿಯೊಬ್ಬಳು ಕಾಲಿನಿಂದ ಉರುಳಿಸಬೇಕು. ಅಲ್ಲಿಂದ ಮುಂದೆ ಅವನೊಡನೆ ಮಾತಿಲ್ಲ, ಸಹಾಸನವಿಲ್ಲ, ಆಸ್ತಿಯಲ್ಲಿ ಪಾಲಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅದೇ ಅಧ್ಯಾಯ ಪ್ರಾಯಶ್ಚಿತ್ತ ಮಾಡಿಕೊಂಡವನನ್ನು ಮತ್ತೆ ಸೇರಿಸಿಕೊಳ್ಳುವ ದಾರಿಯನ್ನೂ ಹೇಳುತ್ತದೆ. ಬಂಧುಗಳು ಅವನೊಡನೆ ಪುಣ್ಯಜಲದಲ್ಲಿ ಮಿಂದು ಹೊಸ ಗಡಿಗೆಯನ್ನು ನೀರಿಗೆ ಹಾಕಬೇಕು. ಪತಿತೆಯಾದ ಹೆಣ್ಣಿನ ವಿಷಯದಲ್ಲಂತೂ ಅನ್ನ, ವಸ್ತ್ರ, ನೀರುಗಳನ್ನು ಕೊಟ್ಟು ಮನೆಯ ಬಳಿಯಲ್ಲೇ ಇರಗೊಡಬೇಕೆಂದು ಅಲ್ಲಿದೆ. ಧರ್ಮಶಾಸ್ತ್ರದ ಹೆಸರಿನಲ್ಲಿ ಯಮುನೆಯನ್ನು ಹೊರದೂಡಿದ ಜನ ಆ ಶಾಸ್ತ್ರದ ಕಠೋರವಾದ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡು, ಉಳಿದರ್ಧವನ್ನು ಅನುಕೂಲವಾಗಿ ಮರೆತರೆಂದಾಯಿತು. ಹಿಂದೂ ವಿಧವೆಯರ ಪುನರ್ವಿವಾಹಕ್ಕೆ 1856ರಲ್ಲೇ ಕಾಯಿದೆಯ ಸಮ್ಮತಿ ದೊರೆತಿತ್ತು. ಅಗ್ರಹಾರದ ಒಳಮನೆಗಳಿಗೆ ಆ ಕಾಯಿದೆಯ ಗಾಳಿ ತಾಗಲು ಇನ್ನೂ ಹಲವು ತಲೆಮಾರುಗಳೇ ಹಿಡಿದವು.

ಹಿಂದಿರುಗಿದ ಉಡುಪರು ಮಗಳಿಗೆ ಘಟಶ್ರಾದ್ಧ ಮಾಡುತ್ತಾರೆ. ಆಕೆ ಬದುಕಿರುವಾಗಲೇ ಸತ್ತವಳಾಗುತ್ತಾಳೆ. ವಯಸ್ಸಾದ ಆ ತಂದೆ ತಾನು ಮಾತ್ರ ಚಿಕ್ಕ ಹುಡುಗಿಯೊಬ್ಬಳನ್ನು ಮದುವೆಯಾಗಲು ಸಿದ್ಧನಾಗುತ್ತಾನೆ. ಅದಕ್ಕೆ ಯಾವ ಗಡಿಗೆಯೂ ಒಡೆಯುವುದಿಲ್ಲ! ಪಾಠಶಾಲೆ ಮುಚ್ಚುವಂತಾಗಿ ನಾಣಿಯ ತಂದೆ ಮಗನನ್ನು ಕರೆದೊಯ್ಯಲು ಬರುತ್ತಾನೆ. ದಾರಿಯಲ್ಲಿ, ಮರದಡಿಯಲ್ಲಿ, ತಲೆ ಬೋಳಿಸಿದ ಯಮುನಕ್ಕ ಒಬ್ಬಳೇ ಕುಳಿತಿದ್ದಾಳೆ. ಹುಡುಗ ಅವಳತ್ತ ನೋಡುತ್ತಾನೆ. ತಂದೆ ಅವನನ್ನು ಮುಂದಕ್ಕೆ ಎಳೆದೊಯ್ಯುತ್ತಾನೆ.

ಹುಡುಗ ಬೆಳೆದು ದೊಡ್ಡವನಾದನೆಂದು ತೋರಿಸಲು ಸಾಮಾನ್ಯ ಚಿತ್ರಗಳಲ್ಲಿ ಓಡುವ ಕಾಲುಗಳು ಒಮ್ಮೆಲೆ ದೊಡ್ಡವಾಗುತ್ತವೆ, ಇಲ್ಲವೆ ಗಡಿಯಾರದ ಮುಳ್ಳುಗಳು ತಿರುಗುತ್ತವೆ. ಇಲ್ಲಿ ಅಂಥದೇನೂ ಇಲ್ಲ. ನಾಣಿ ಬಂದಾಗ ಎಷ್ಟು ಎತ್ತರವಿದ್ದನೋ ಹೋಗುವಾಗಲೂ ಅಷ್ಟೇ ಇದ್ದಾನೆ. ಬಾಲ್ಯ ಮಾತ್ರ ಆ ಊರಿನಲ್ಲೇ ಉಳಿದುಹೋಯಿತು. ಬರುವಾಗ ಅವನು ಮನೆಗಾಗಿ ಅಳುತ್ತಿದ್ದ ಹುಡುಗ. ಈಗ ಮನೆಗೆ ಹೊರಟಿದ್ದಾನೆ. ಅಳುವಿನ ಕಾರಣ ಬೇರೆ.

ಮೊದಲ ಚಿತ್ರ, ಮೊದಲ ಸ್ಥಾನ

ಈ ಚಿತ್ರವನ್ನು ತೆಗೆದಾಗ ಕಾಸರವಳ್ಳಿಯವರಿಗೆ ಮೂವತ್ತು ತುಂಬಿರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ 1950ರಲ್ಲಿ ಹುಟ್ಟಿದ ಅವರು ಔಷಧಶಾಸ್ತ್ರ ಓದಿ, ಅದನ್ನು ಬದಿಗಿಟ್ಟು ಪುಣೆಯ ಚಲಚ್ಚಿತ್ರ ತರಬೇತಿ ಸಂಸ್ಥೆಗೆ ಹೋದವರು. ಅಲ್ಲಿ ತೆಗೆದ ‘ಅವಶೇಷ್’ ಎಂಬ ಕಿರುಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಕಾರಂತರ ‘ಚೋಮನ ದುಡಿ’ಯಲ್ಲಿ ಸಹಾಯಕರಾಗಿ ದುಡಿದ ಅನುಭವವೂ ಇತ್ತು. ಕಥೆಗಾರ ಅನಂತಮೂರ್ತಿಯವರೂ ಅದೇ ತಾಲ್ಲೂಕಿನ ಮೇಳಿಗೆಯವರು. ಬಾಲ್ಯದಲ್ಲಿ ಸಾಂಪ್ರದಾಯಿಕ ಸಂಸ್ಕೃತ ಪಾಠವನ್ನು ಕಂಡುಂಡವರು. ಬರೆದವರಿಗೂ ತೆರೆಗೆ ತಂದವರಿಗೂ ಆ ನೆಲ, ಆ ಮಳೆ, ಆ ಮಡಿ ಹೊರಗಿನದಾಗಿರಲಿಲ್ಲ. ಅದರಿಂದಲೇ ಚಿತ್ರದಲ್ಲಿ ಸಿಟ್ಟಿದೆಯಾದರೂ ಗೇಲಿಯಿಲ್ಲ.

1977ರ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ‘ಘಟಶ್ರಾದ್ಧ’ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಕಾರಂತರಿಗೆ ಸಂಗೀತ ನಿರ್ದೇಶನಕ್ಕಾಗಿ, ಅಜಿತ್ ಕುಮಾರನಿಗೆ ಬಾಲನಟನೆಗಾಗಿ ಪ್ರಶಸ್ತಿಗಳು ಬಂದವು. ಕನ್ನಡಕ್ಕೆ ಆ ಮೊದಲು ‘ಸಂಸ್ಕಾರ’ ಮತ್ತು ‘ಚೋಮನ ದುಡಿ’ ಚಿತ್ರಗಳು ಸ್ವರ್ಣಕಮಲವನ್ನು ತಂದಿದ್ದವು. ಕಾಸರವಳ್ಳಿಯವರು ಮುಂದೆ ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ಗಳಿಗೂ ಅದೇ ಗೌರವ ಗಳಿಸಿದರು. ಇದೇ ಕಥೆಯನ್ನು ಅರುಣ್ ಕೌಲ್ 1991ರಲ್ಲಿ ‘ದೀಕ್ಷಾ’ ಎಂಬ ಹೆಸರಿನಲ್ಲಿ ಹಿಂದಿಗೆ ತಂದರು. ಅದರಲ್ಲಿ ನಾನಾ ಪಾಟೇಕರರಂಥ ಹೆಸರಾಂತ ನಟರಿದ್ದರು. ಆದರೂ ಕನ್ನಡದ ಚಿತ್ರದ ಮೌನ ಅದಕ್ಕೆ ಒಲಿಯಲಿಲ್ಲವೆಂದೇ ಹೇಳಬೇಕು.

ಬೇರೆ ನಾಡಿನ ನಾಣಿಗಳು

ತಿರಸ್ಕೃತ ಬಾಲಕನ ಕಥೆ ಒಂದು ನಾಡಿನ ಸೊತ್ತಲ್ಲ. ಫ್ರಾನ್ಸಿನ ತ್ರೂಫೋ 1959ರಲ್ಲಿ ತೆಗೆದ ‘ನಾನೂರು ಹೊಡೆತಗಳು’ ಚಿತ್ರದ ಆಂತ್ವಾನ್ ತಂದೆತಾಯಿಗಳಿಗೆ ಹೊರೆಯಾದ ಹುಡುಗ. ಕೊನೆಗೆ ಸರ್ಕಾರದ ಬಾಲಗೃಹದಿಂದ ತಪ್ಪಿಸಿಕೊಂಡು ಕಡಲ ತಡಿಗೆ ಓಡುತ್ತಾನೆ. ಇಂಗ್ಲೆಂಡಿನ ಕೆನ್ ಲೋಚ್ ಅವರ 1969ರ ‘ಕೆಸ್’ ನಾಣಿಗೆ ಇನ್ನೂ ಹತ್ತಿರದ್ದು. ಅದರ ಬಿಲ್ಲಿ ಕ್ಯಾಸ್ಪರ್ ಕಲ್ಲಿದ್ದಲ ಗಣಿಯ ಊರಿನ ಹುಡುಗ. ತಂದೆ ಬಿಟ್ಟುಹೋಗಿದ್ದಾನೆ, ತಾಯಿಗೆ ಗಮನವಿಲ್ಲ, ಮನೆಯಲ್ಲಿ ಅಣ್ಣನ ಪೆಟ್ಟು, ಶಾಲೆಯಲ್ಲಿ ಮೇಷ್ಟರ ಅಪಹಾಸ್ಯ. ಅವನು ಒಂದು ಪುಟ್ಟ ಡೇಗೆಯ ಮರಿಯನ್ನು ಸಾಕಿ ಪಳಗಿಸುತ್ತಾನೆ. ಅದು ಆಕಾಶಕ್ಕೇರಿದಾಗ ಮಾತ್ರ ಹುಡುಗ ತಲೆಯೆತ್ತಿ ನಿಲ್ಲುತ್ತಾನೆ. ಅಣ್ಣ ಸಿಟ್ಟಿನಲ್ಲಿ ಆ ಹಕ್ಕಿಯನ್ನು ಕೊಂದುಬಿಡುತ್ತಾನೆ.

ಬಿಲ್ಲಿಗೆ ಹಕ್ಕಿ ಹೇಗೋ ನಾಣಿಗೆ ಯಮುನಕ್ಕ ಹಾಗೆ. ಇಬ್ಬರಿಗೂ ಲೋಕವೆಲ್ಲ ಬೆನ್ನು ತಿರುಗಿಸಿದಾಗ ಒಂದೇ ಒಂದು ಆಸರೆ. ಇಬ್ಬರ ಆಸರೆಯನ್ನೂ ಬಲ್ಲಿದರು ಕಿತ್ತುಕೊಳ್ಳುತ್ತಾರೆ. ಆದರೆ ಒಂದು ವ್ಯತ್ಯಾಸವಿದೆ. ಬಿಲ್ಲಿಯ ಹಕ್ಕಿಯನ್ನು ಹೂಳಬಹುದು. ನಾಣಿಯ ಯಮುನಕ್ಕ ಸತ್ತಿಲ್ಲ. ದಾರಿಯ ಬದಿಯಲ್ಲಿ ಕುಳಿತಿದ್ದಾಳೆ. ಅವಳು ಸತ್ತಳೆಂದು ನಂಬುವಂತೆ ಹಿರಿಯರು ಅವನಿಗೆ ಹೇಳುತ್ತಿದ್ದಾರೆ.

ಕನ್ನಡದಲ್ಲೂ ಈ ಹಾದಿಯಲ್ಲಿ ಆಮೇಲೆ ಕೆಲವು ಒಳ್ಳೆಯ ಚಿತ್ರಗಳು ಬಂದವು. ಎನ್. ಲಕ್ಷ್ಮೀನಾರಾಯಣ್ ಅವರ ‘ಬೆಟ್ಟದ ಹೂವು’ 1985ರದು. ಅದರಲ್ಲಿ ಪುನೀತ್ ಅಭಿನಯಿಸಿದ ರಾಮುವಿಗೆ ಪುಸ್ತಕದ ಆಸೆ, ಮನೆಯಲ್ಲಿ ಬಡತನ. ಕಾಡಿನ ಹೂ ಆಯ್ದು ಕೂಡಿಟ್ಟ ಕಾಸಿನಲ್ಲಿ ರಾಮಾಯಣದ ಬದಲು ಕಂಬಳಿ ಕೊಳ್ಳುವ ಆ ಹುಡುಗನನ್ನು ಕಂಡು ಕಣ್ಣೊರೆಸಿಕೊಳ್ಳದ ತಾಯಂದಿರಿಲ್ಲ. ರಾಮುವಿಗೆ ಹೊಟ್ಟೆಗಿಲ್ಲ, ಆದರೆ ಪ್ರೀತಿಗೆ ಕೊರತೆಯಿಲ್ಲ. ನಾಣಿಗೆ ಎರಡು ಹೊತ್ತಿನ ಊಟವುಂಟು, ಪ್ರೀತಿಗೆ ಬರ. ಇಬ್ಬರಲ್ಲಿ ಯಾರು ಬಡವರು? ನಾಗಾಭರಣರ ‘ಚಿನ್ನಾರಿ ಮುತ್ತ’ (1993) ಬೆಂಗಳೂರಿನ ಬೀದಿಗೆ ಬಿದ್ದ, ಓಟದಲ್ಲಿ ಚಿಗರೆಯಂಥ ಹುಡುಗನನ್ನು ರಿಮಾಂಡ್ ಹೋಮಿನಿಂದ ಕ್ರೀಡಾಂಗಣದವರೆಗೆ ಕರೆದೊಯ್ಯುತ್ತದೆ. ಅದರ ಮುತ್ತನಾಗಿದ್ದ ವಿಜಯ ರಾಘವೇಂದ್ರ ಮರುವರ್ಷ ‘ಕೊಟ್ರೇಶಿ ಕನಸು’ ಚಿತ್ರದಲ್ಲಿ ಓದಿನ ಹಂಬಲದ ದಲಿತ ಹುಡುಗನಾಗಿ ರಾಷ್ಟ್ರಪ್ರಶಸ್ತಿ ಗಳಿಸಿದ. ಕುಂ. ವೀರಭದ್ರಪ್ಪನವರ ಕಥೆಯ ಆ ಚಿತ್ರದಲ್ಲಿ ಹುಡುಗನನ್ನು ಕಾಡುವವರು ಸಹಪಾಠಿಗಳಲ್ಲ, ಇಡೀ ಊರು. ಮುತ್ತನ ಚಿತ್ರ ಭರವಸೆಯಲ್ಲಿ ಮುಗಿಯುತ್ತದೆ. ಮಕ್ಕಳೊಡನೆ ಕುಳಿತು ನೋಡಲು ಅದೇ ಲೇಸು. ಆದರೆ ಭರವಸೆಯನ್ನು ಕೊಡದ ‘ಘಟಶ್ರಾದ್ಧ’ವೇ ಹೆಚ್ಚು ಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ.

ಬಯಲುಸೀಮೆಯ ಒಂದು ಕಾಲ್ನಡಿಗೆ

ಇದೆಲ್ಲ ಮಲೆನಾಡಿನ ಮಾತಾಯಿತು. ಗೌರಿಬಿದನೂರು ತಾಲ್ಲೂಕಿನ ನಗರಗೆರೆಯ ಕಡೆಯವರಿಗೆ ಅಡಕೆ ತೋಟದ ನೆರಳಿನ ಅಗ್ರಹಾರ ಅಪರಿಚಿತ. ಹೆಸರಿನಲ್ಲೇ ಕೆರೆಯನ್ನಿಟ್ಟುಕೊಂಡು ಮಳೆಗಾಗಿ ಮುಗಿಲು ನೋಡುವ ಗಡಿಸೀಮೆ ಅದು. ಸಂತೆಯಲ್ಲಿ ಕನ್ನಡ ತೆಲುಗುಗಳೆರಡೂ ಒಂದೇ ಉಸಿರಿನಲ್ಲಿ ಕೇಳಿಬರುತ್ತವೆ. ಅಲ್ಲಿಯ ಹುಡುಗರೂ ಓದಿಗಾಗಿ ಮನೆ ಬಿಟ್ಟವರೇ. ಆದರೆ ಅವರನ್ನು ಯಾರೂ ಗಾಡಿ ಕಟ್ಟಿ ಗುರುಗಳ ಮನೆಗೆ ಮುಟ್ಟಿಸಲಿಲ್ಲ.

ಅದೇ ತಾಲ್ಲೂಕಿನ ಹೊಸೂರಿನ ಬಡ ಕುಟುಂಬವೊಂದರ ಹುಡುಗ 1935ರಲ್ಲಿ ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೊರಟು, ನ್ಯಾಷನಲ್ ಹೈಸ್ಕೂಲು ಸೇರಿದ. ಆತನೇ ಮುಂದೆ ಡಾಕ್ಟರ್ ಎಚ್. ನರಸಿಂಹಯ್ಯನವರೆಂದು ಹೆಸರಾದರು. ಭೌತಶಾಸ್ತ್ರದ ಪ್ರಾಧ್ಯಾಪಕರು, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರು, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳು. ತಮ್ಮ ಜೀವನವೃತ್ತಾಂತಕ್ಕೆ ಅವರು ಕೊಟ್ಟ ಹೆಸರು ‘ಹೋರಾಟದ ಹಾದಿ’. ಅಷ್ಟೆಲ್ಲ ಆದರೂ ಆ ಬ್ರಹ್ಮಚಾರಿ ಬಂಗಲೆ ಬಯಸಲಿಲ್ಲ. 2005ರಲ್ಲಿ ತೀರಿಕೊಳ್ಳುವವರೆಗೂ ಅವರ ವಾಸ ಬಸವನಗುಡಿಯ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ, ಹುಡುಗರ ನಡುವೆಯೇ. ತಮ್ಮ ಸೀಮೆಯ ಮಕ್ಕಳು ತಮ್ಮಂತೆ ನಡೆದು ಸವೆಯದಿರಲೆಂದು ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಕಾಲೇಜುಗಳನ್ನು ಕಟ್ಟಿಸಿದರು.

ನಾಣಿಯನ್ನು ನೆನೆಯುವಾಗ ಈ ಹುಡುಗನ ನೆನಪು ಬರುವುದು ಸಹಜ. ಕಾಲ ಹೆಚ್ಚುಕಡಿಮೆ ಒಂದೇ. ಒಬ್ಬನನ್ನು ವಿದ್ಯೆಗೆಂದು ಒಯ್ದು ಬಿಟ್ಟರು. ಪ್ರಶ್ನೆ ಕೇಳಲು ಅವನಿಗೆ ಅವಕಾಶವಿರಲಿಲ್ಲ. ಇನ್ನೊಬ್ಬ ತಾನಾಗಿ ನಡೆದು ಹೋದ. ಪ್ರಶ್ನೆ ಕೇಳುವುದನ್ನೇ ಜೀವಮಾನದ ವ್ರತ ಮಾಡಿಕೊಂಡ. ವಿದ್ಯಾರ್ಥಿನಿಲಯವೆಂಬುದು ಕೆಲವರಿಗೆ ಸೆರೆಮನೆ, ಕೆಲವರಿಗೆ ತವರು. ಅಲ್ಲಿ ಹುಡುಗನ ಹೆಸರು ಹಿಡಿದು ಕರೆದು ಊಟವಾಯಿತೇ ಎಂದು ಕೇಳುವ ಹಿರಿಯರೊಬ್ಬರು ಇದ್ದಾರೆಯೇ ಇಲ್ಲವೇ ಎಂಬುದರ ಮೇಲೆ ಅದು ನಿಂತಿದೆ.

ಇಂದಿನ ಮಾತೇನು? 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ವಿಚಿತ್ರವೆಂದರೆ 2012ರ ತಿದ್ದುಪಡಿಯಿಂದಾಗಿ ಈ ಕಾಯಿದೆ ಮದರಸಾಗಳಿಗೂ ವೇದಪಾಠಶಾಲೆಗಳಿಗೂ ಅನ್ವಯಿಸುವುದಿಲ್ಲ. ಹಾಗೆಂದು ಅಲ್ಲಿನ ಮಕ್ಕಳಿಗೆ ರಕ್ಷಣೆಯೇ ಇಲ್ಲವೆಂದಲ್ಲ. ತಮ್ಮ ವಶದಲ್ಲಿರುವ ಮಗುವನ್ನು ಹಿಂಸಿಸುವವರನ್ನು, ಉದ್ದೇಶಪೂರ್ವಕವಾಗಿ ಅಲಕ್ಷಿಸುವವರನ್ನು 2015ರ ಬಾಲನ್ಯಾಯ ಕಾಯಿದೆ ದಂಡಿಸುತ್ತದೆ. ಆದರೆ ಕಲಮುಗಳು ಹಿರಿಯರ ಕೈಯನ್ನು ತಡೆಯಬಲ್ಲವೇ ಹೊರತು, ದೀಪವಾರಿದ ಮೇಲೆ ಸಾಲು ಹಾಸಿಗೆಗಳ ನಡುವೆ ನಡೆಯುವುದನ್ನು ಎಷ್ಟರಮಟ್ಟಿಗೆ ಕಾಣಬಲ್ಲವು?

ಮತ್ತೆ ಬೆಳಕಿಗೆ

ಕಾಲಕ್ರಮದಲ್ಲಿ ಮಾಸುತ್ತಿದ್ದ ಈ ಚಿತ್ರಕ್ಕೆ ಇತ್ತೀಚೆಗೆ ಮರುಜನ್ಮ ದೊರೆತಿದೆ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಅಮೆರಿಕದ ಹೆಸರಾಂತ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆಯವರ ವಿಶ್ವಚಿತ್ರ ಯೋಜನೆಗಳ ಸಹಕಾರದಿಂದ, ಇಟಲಿಯ ಬೊಲೋನಾ ನಗರದ ಪ್ರಯೋಗಾಲಯದಲ್ಲಿ ಅದನ್ನು ಜೀರ್ಣೋದ್ಧಾರಗೊಳಿಸಿ, 2024ರ ವೆನಿಸ್ ಚಿತ್ರೋತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ಪ್ರದರ್ಶಿಸಲಾಯಿತು. ನಲವತ್ತೇಳು ವರ್ಷಗಳ ಬಳಿಕ ಮಲೆನಾಡಿನ ಜಗಲಿಯ ಹುಡುಗ ಕಡಲಾಚೆಯ ಜನರ ಮುಂದೆ ಮತ್ತೆ ಕಣ್ತೆರೆದ. ಕಪ್ಪು ಬಿಳುಪಿನ ಚಿತ್ರಗಳಲ್ಲಿ ಕತ್ತಲೆಯೂ ಒಂದು ಬಣ್ಣ. ಹಳೆಯ ಪ್ರತಿಗಳಲ್ಲಿ ಮೊದಲು ಕಲಸಿಹೋಗುವುದು ಆ ಬಣ್ಣವೇ. ಕತ್ತಲೆಯಲ್ಲೇ ಅರ್ಧ ಕಥೆ ನಡೆಯುವ ಇಂಥ ಚಿತ್ರಕ್ಕೆ ಈ ಉಪಚಾರ ಆಡಂಬರವಲ್ಲ, ಅತ್ಯಗತ್ಯ.

ಚಿತ್ರ ನೋಡಲು ಅವಕಾಶ ಒದಗಿದ ಮನೆಗಳು ತೀರ ಸಣ್ಣ ಮಕ್ಕಳನ್ನು ಮಲಗಿಸಿದ ಮೇಲೆ ನೋಡುವುದು ಒಳಿತು. ಹನ್ನೆರಡು ಹದಿಮೂರು ತುಂಬಿದ, ಅದರಲ್ಲೂ ಹಾಸ್ಟೆಲಿನಿಂದ ರಜಕ್ಕೆ ಮನೆಗೆ ಬಂದ ಹುಡುಗರಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ಹಿರಿಯರು ಘಟಶ್ರಾದ್ಧದ ವಿಧಿಯನ್ನೂ ಹಿಂದಿನವರ ಮಡಿಯನ್ನೂ ಕುರಿತು ವಿವರಣೆ ಕೊಡಲು ಅಣಿಯಾಗುವಷ್ಟರಲ್ಲಿ ಮಕ್ಕಳು ಬೇರೆಯದನ್ನೇ ಕೇಳುತ್ತಾರೆ. ಯಮುನಕ್ಕ ಆಮೇಲೆ ಎಲ್ಲಿಗೆ ಹೋದಳು, ರಾತ್ರಿ ಅವಳಿಗೆ ಊಟ ಕೊಟ್ಟವರಾರು ಎನ್ನುತ್ತಾರೆ. ಚಿತ್ರದಲ್ಲಿ ಅದಕ್ಕೆ ಉತ್ತರವಿಲ್ಲ.